ಇಸಿಜಿ ಗೆರೆ ಗರಗಸದ ಹಲ್ಲಿನ ಹಾಗೆ ಬರ್ತಿದೆ, ಯಾರಾದ್ರೂ ಹೇಳಿ

ಸುಳಿಗಾಳಿ77: ನಮ್ಮ ನರ್ಸಿಂಗ್ ಹೋಮ್‌ನ ಇಸಿಜಿ ಮಷಿನ್ ಮೂರು ದಿನದಿಂದ ತಲೆ ತಿಂತಿದೆ. ಗೆರೆ ಸಪೂರ ಬರೋ ಬದಲು ದಪ್ಪಗೆ, ಹಲ್ಲುಹಲ್ಲಾಗಿ. ಪಿ ಅಲೆ (ಬಡಿತದ ಶುರುವಿನ ಸಣ್ಣ ಉಬ್ಬು) ಎಲ್ಲಿದೆ ತೋರ್ಸು ಅಂತ ಡಾಕ್ಟರ್ ಬೈತಾರೆ. ಜೆಲ್ ಹಚ್ಚಿದ್ದಾಯ್ತು, ರೋಲ್ ಬದಲಾಯಿಸಿದ್ದಾಯ್ತು. ಇನ್ನೇನ್ ಮಾಡ್ಲಿ?

ಹಳೇಮೀಟರ್: ಅರ್ತಿಂಗ್. ಕಣ್ಣು ಮುಚ್ಕೊಂಡು ಹೇಳ್ತೀನಿ. ನ್ಯೂಟ್ರಲ್ಲಿಗೂ ಅರ್ತಿಗೂ ಎಷ್ಟು ವೋಲ್ಟ್ ಇದೆ ಅಳೆದು ಹಾಕಿ. ಅರ್ತ್ ಗುಂಡಿಗೆ ನೀರು ಹಾಕಿ ಎಷ್ಟು ತಿಂಗಳಾಯ್ತು?

ಬೆಸುಗೆಬಾಬು: ಮೊದ್ಲು ಹಲ್ಲು ಎಣಿಸಿ. ಪೇಪರ್ ವೇಗ ಸೆಕೆಂಡಿಗೆ 25 ಮಿ.ಮೀ. ಇದ್ದು, ದೊಡ್ಡ ಚೌಕಕ್ಕೆ ಸರಿಯಾಗಿ 10 ಹಲ್ಲು ಬಂದ್ರೆ ಅದು ಕರೆಂಟಿನ 50 ಹರ್ಟ್ಸ್. ಅಡ್ಡಾದಿಡ್ಡಿ ಇದ್ರೆ ಪೇಷಂಟ್ ಚಳಿಗೆ ನಡುಗ್ತಿದ್ದಾರೆ ಅಷ್ಟೇ.

ಸುಳಿಗಾಳಿ77: ಹತ್ತೇ ಇದೆ. ಮೀಟರ್ ಇಲ್ಲ ಸಾರ್ ನಮ್ಮತ್ರ.

ಹಳೇಮೀಟರ್: ನೋಡಿ, ಹೇಳ್ಲಿಲ್ವಾ! ಉಪ್ಪು, ಇದ್ದಿಲು ಹಾಕಿಸಿ.

ರಾತ್ರಿಪಾಳಿ: ಅಷ್ಟೆಲ್ಲ ಯಾಕೆ? ಮಷಿನ್‌ನ ಮಸಲ್ ಫಿಲ್ಟರ್ (ನಡುಕದ ಗಲಾಟೆ ಸೋಸೋದು) 35 ಹರ್ಟ್ಸ್‌ಗೆ ಇಡಿ, ಗೆರೆ ಬೆಣ್ಣೆ.

ಬೆಸುಗೆಬಾಬು: ಬೆಣ್ಣೆ ಬರುತ್ತೆ, ಕ್ಯೂಆರ್‌ಎಸ್‌ನ (ಬಡಿತದ ಚೂಪು ಶಿಖರದ) ಸಣ್ಣ ಕಚ್ಚುಗಳೂ ಅಳಿಸಿ ಹೋಗುತ್ತೆ. ರೋಗ ನೋಡೋ ಇಸಿಜಿಗೆ 150 ಹರ್ಟ್ಸ್‌ವರೆಗೂ ಬೇಕು.

ರಾತ್ರಿಪಾಳಿ: ಹನ್ನೆರಡು ವರ್ಷದಿಂದ ಹಾಗೇ ತೆಗೀತಿದೀನಿ, ಯಾವ ಡಾಕ್ಟರೂ ಕೇಳಿಲ್ಲ.

ಬೆಸುಗೆಬಾಬು: ಕೇಳಿಲ್ಲ ಅಂದ್ರೆ ಸರಿ ಅಂತಲ್ಲ.

ಆರ್ಡುಯಿನೊಅಪ್ಪಿ: ನಾನು ಮನೇಲಿ ಎಡಿ8232 ಅನ್ನೋ ಇಸಿಜಿ ಚಿಪ್ಪಿನ ಬೋರ್ಡಿಗೆ ಆರ್ಡುಯಿನೊ (ಪುಟ್ಟ ಕಂಪ್ಯೂಟರ್ ಬೋರ್ಡು) ಹಾಕಿ ಇಸಿಜಿ ಮಾಡ್ಕೊಂಡಿದೀನಿ. ಪವರ್‌ಬ್ಯಾಂಕ್ ಮೇಲೆ ಓಡ್ಸಿದ್ರೆ ಒಂದು ಹಲ್ಲೂ ಇಲ್ಲ.

ಕರಾವಳಿ_ಬಯೋಮೆಡ್: ಅದು ಒಂದೇ ಲೀಡು (ಹೃದಯವನ್ನು ಒಂದು ಕೋನದಿಂದ ನೋಡೋ ಗೆರೆ) ಮಾರಾಯ್ರೆ, ಇಲ್ಲಿ ಹನ್ನೆರಡುಂಟು. ಸುಳಿಗಾಳಿಯವರೇ, ಬ್ಯಾಟರಿ ಮೇಲೆ ನೋಡಿದ್ರಾ? ಗಲಾಟೆ ಯಾವ ಯಾವ ಲೀಡಲ್ಲಿ?

ಸುಳಿಗಾಳಿ77: ಅದು ಹೇಳೋದೇ ಮರೆತೆ, ಬ್ಯಾಟರಿ ಮೇಲೂ ಹಾಗೇ. 1, 2 ಹಾಳು. 3 ಚೆನ್ನಾಗಿದೆ.

ಹಳೇಮೀಟರ್: ಗೋಡೆಯೊಳಗಿನ ವೈರಿಂದ ಬರ್ತಿರುತ್ತೆ. ಅರ್ತಿಂಗ್.

ಕರಾವಳಿ_ಬಯೋಮೆಡ್: ಅರ್ತ್ ಹೋಗಿದ್ರೆ 3 ಮಾತ್ರ ಹೇಗೆ ಬಚಾವಾಯ್ತು? ಲೀಡ್ 1 ಎರಡು ಕೈಗಳ ನಡುವೆ, 2 ಬಲಗೈ-ಎಡಗಾಲು, 3 ಎಡಗೈ-ಎಡಗಾಲು. 1ಕ್ಕೂ 2ಕ್ಕೂ ಸೇರಿದ್ದು, 3ಕ್ಕೆ ಸೇರದ್ದು ಬಲಗೈ ಒಂದೇ. ಅದಕ್ಕೆ ಸಿಕ್ಕಿಸೋ ಕ್ಲಾಂಪ್ (ಚಿಮುಟ) ಕೆಂಪು. ಗೋಡೆಯ ಕರೆಂಟು ಮೈಗೆಲ್ಲ ಒಂದೇ ಸಮ ತಾಗ್ತದೆ, ಮಷಿನ್ ಅದನ್ನು ಕಳೆದು ಬಿಸಾಡ್ತದೆ. ಒಂದು ಕಡೆ ಕಾಂಟ್ಯಾಕ್ಟ್ ಕೆಟ್ರೆ ಲೆಕ್ಕ ತಪ್ತದೆ. ವೈರು ಅಲ್ಲೇ ಇರ್ಲಿ, ಕೆಂಪು, ಎಡಗೈಯ ಹಳದಿ ಕ್ಲಾಂಪ್ ಮಾತ್ರ ಅದಲುಬದಲು ಮಾಡಿ ನೋಡಿ.

ಸುಳಿಗಾಳಿ77: ಮಾಡ್ದೆ. ಈಗ 1, 3 ಹಾಳು, 2 ಚೊಕ್ಕ!

ಕರಾವಳಿ_ಬಯೋಮೆಡ್: ಹಾಗಾದ್ರೆ ವೈರು ಸರಿ ಉಂಟು, ಕ್ಲಾಂಪೇ ಹೋಗಿದೆ. ಪಿನ್ ಕೂರೋ ಸ್ಕ್ರೂ ಬಿಚ್ಚಿ.

ಸುಳಿಗಾಳಿ77: ಒಳಗೆಲ್ಲ ಹಸಿರು ಕಿಲುಬು, ಒಣಗಿದ ಜೆಲ್ಲು. ಹೋದ ವಾರ ಆಯಾ ಕ್ಲಾಂಪ್‌ಗಳನ್ನ ಉಪ್ಪುನೀರಲ್ಲಿ ನೆನೆಸಿಟ್ಟಿದ್ರಂತೆ, ಇವತ್ತು ಕೇಳಿದ್ಮೇಲೆ ಹೇಳಿದ್ರು. ಮರಳು ಕಾಗದದಲ್ಲಿ ಉಜ್ಜಿದೆ, ಗೆರೆ ಕೂದಲೆಳೆ ಹಾಗೆ ಬಂತು. ಹೊಸ ಸೆಟ್ ಆರ್ಡರ್ ಹಾಕಿದೀನಿ. ಥ್ಯಾಂಕ್ಸ್ ಸಾರ್.

ಆರ್ಡುಯಿನೊಅಪ್ಪಿ: ಹಳೇ ಕ್ಲಾಂಪ್ ಬಿಸಾಡೋದಾದ್ರೆ ನಂಗೆ ಕಳ್ಸಿ.

ಹಳೇಮೀಟರ್: ಅರ್ತ್ ರೀಡಿಂಗ್ ಇನ್ನೂ ಹಾಕಿಲ್ಲ ನೀವು.