ಕಣ್ಣಿಗೆ ಕಾಣದ ‘ಫ್ಲಿಕರ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದವರಿಗೆ ನಮಸ್ಕಾರ.

ಮಿದುಳಿನ ಪ್ರಯೋಗಕ್ಕೆ ಬರುವವರಿಗೆ ಕೊಡುವ ಮಾಹಿತಿ ಹಾಳೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಫ್ಲಿಕರ್’ (ಬೆಳಕು ಬೇಗ ಬೇಗ ಹೆಚ್ಚಿ ಕಡಿಮೆಯಾಗುವುದು) ಅನ್ನುವ ಪದಕ್ಕೆ ಬಂದು ನಿಂತಿದ್ದೇನೆ.

ಪ್ರಯೋಗ ಸರಳ. ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ಟೋಪಿ ಹಾಕಿಕೊಂಡು ಪರದೆಯ ಮುಂದೆ ಕೂರಬೇಕು. ಪರದೆಯ ಮೇಲಿನ ಚಿತ್ರ ಸೆಕೆಂಡಿಗೆ 15 ಸಲ ಬೆಳಗಿ ಮಂಕಾದರೆ, ತಲೆಯ ಹಿಂಭಾಗದ ಇಇಜಿಯಲ್ಲೂ ಅದೇ 15ರ ತಾಳ ಕಾಣಿಸುತ್ತದೆ. ಎರಡು ಚಿತ್ರಗಳಿಗೆ ಬೇರೆ ಬೇರೆ ತಾಳ ಕೊಟ್ಟರೆ, ನೋಡುವವರ ಗಮನ ಯಾವುದರ ಮೇಲಿದೆ ಅನ್ನುವುದೂ ತಿಳಿಯುತ್ತದೆ.

‘ಮಿಟುಕು’ ಇಲ್ಲಿ ಆಗುವುದಿಲ್ಲ. ಅದೇ ಹಾಳೆಯಲ್ಲಿ ಎರಡು ಸಾಲು ಕೆಳಗೆ ‘ಆದಷ್ಟು ಕಣ್ಣು ಮಿಟುಕಿಸಬೇಡಿ’ ಅಂತಿದೆ. ರೆಪ್ಪೆ ಬಡಿದರೆ ಇಇಜಿಯಲ್ಲಿ ದೊಡ್ಡ ಅಲೆಯೇಳುತ್ತದೆ, ಮಿದುಳಿನ ಸಣ್ಣ ಅಲೆ ಅದರಡಿ ಮುಚ್ಚಿಹೋಗುತ್ತದೆ. ‘ಮಿನುಗು’ ಅಂದರೆ ನಕ್ಷತ್ರ, ಅದಕ್ಕೆ ತಾಳವೇ ಇಲ್ಲ. ‘ಮಿಣುಕು’ ಅಂದರೆ ಮಂದ ಬೆಳಕು ನೆನಪಾಗುತ್ತದೆ. ‘ಹತ್ತಿ ಆರುವುದು’ ಕೆಟ್ಟ ಟ್ಯೂಬ್‌ಲೈಟಿಗೆ ಸರಿ, ಇಲ್ಲಿ ಬೆಳಕು ಪೂರ್ತಿ ಆರಬೇಕೆಂದೇನೂ ಇಲ್ಲ.

ತಾಳದ ಕಟ್ಟುನಿಟ್ಟು ಎಷ್ಟೆಂದರೆ, 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಮಾನಿಟರಿನಲ್ಲಿ ಒಂದೊಂದು ಫ್ರೇಮ್, ಅಂದರೆ ಒಂದೊಂದು ಚಿತ್ರ, ಸುಮಾರು 16.7 ಮಿಲಿಸೆಕೆಂಡು ಇರುತ್ತದೆ. 15 ಹರ್ಟ್ಸ್ ಬೇಕಾದರೆ ಎರಡು ಫ್ರೇಮ್ ಬೆಳಕು, ಎರಡು ಕತ್ತಲು. ಲೆಕ್ಕ ಚೊಕ್ಕ. 17 ಕೇಳಿದರೆ ಫ್ರೇಮುಗಳು ಸಮನಾಗಿ ಹಂಚಿಹೋಗುವುದಿಲ್ಲ. ಹೀಗೆ ಹತ್ತಿಸಿ ಆರಿಸುತ್ತಾ ಹೋದರೆ 30 ಹರ್ಟ್ಸ್ ದಾಟಲು ಆಗುವುದೇ ಇಲ್ಲ. ಕಂಪ್ಯೂಟರ್ ಬೇರೇನೋ ಕೆಲಸಕ್ಕೆ ಕೈಹಾಕಿ ಒಂದು ಫ್ರೇಮ್ ಬಿಟ್ಟರೆ ತಾಳ ತಪ್ಪಿತು. ಅದಕ್ಕೇ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ಇಟ್ಟು, ಅದರ ಮೇಲೆ ಫೋಟೋಡಯೋಡ್ (ಬೆಳಕನ್ನು ಗುರುತಿಸುವ ಪುಟ್ಟ ಸಾಧನ) ಅಂಟಿಸುತ್ತಾರೆ. ಸಾಫ್ಟ್‌ವೇರ್ ಏನೇ ಹೇಳಲಿ, ಬೆಳಕು ನಿಜವಾಗಿ ಯಾವಾಗ ಬಂತೆಂದು ಅದು ತೋರಿಸುತ್ತದೆ.

ನನ್ನ ತೊಡಕು ಇರುವುದು ಇನ್ನೂ ಮೇಲಿನ ವೇಗದಲ್ಲಿ. ಸೆಕೆಂಡಿಗೆ 1440 ಚಿತ್ರ ತೋರಿಸುವ ಪ್ರೊಜೆಕ್ಟರುಗಳಿವೆ. ಅವುಗಳಲ್ಲಿ 60 ಹರ್ಟ್ಸಿನ ಒಂದು ಸುತ್ತಿಗೆ 24 ಮೆಟ್ಟಿಲು ಸಿಗುತ್ತದೆ, ಹೊಳಪು ನಯವಾಗಿ ಏರಿ ಇಳಿಯುತ್ತದೆ. ಆ ವೇಗದಲ್ಲಿ ನೋಡುವವರಿಗೆ ಹೆಚ್ಚುಕಡಿಮೆ ನಿಂತ ಬೆಳಕೇ ಕಾಣುತ್ತದೆ. ಮಿದುಳಿನ ಅಲೆಯಲ್ಲಿ ಮಾತ್ರ 60ರ ಗುರುತು ಬರುತ್ತದೆ. (ನಮ್ಮಲ್ಲಿ ಕರೆಂಟು 50 ಹರ್ಟ್ಸ್ ಆದ್ದರಿಂದ 50ನ್ನು ಮುಟ್ಟದಿರುವುದೇ ಒಳ್ಳೇದು. ಗೋಡೆಯ ಪ್ಲಗ್ಗಿನದ್ಯಾವುದು, ತಲೆಯದ್ಯಾವುದು ಅಂತ ಬೇರ್ಪಡಿಸುವುದು ಕಷ್ಟ.) ಕಣ್ಣಿಗೆ ಕಾಣದ್ದನ್ನು ‘ಮಿನುಗುತ್ತದೆ’ ಅಂತ ಬರೆದರೆ, ‘ಏನೂ ಮಿನುಗಲಿಲ್ವಲ್ಲ’ ಅಂತ ಕೇಳುತ್ತಾರೆ, ಅಲ್ವಾ?

ಹಾಗಂತ ಸುಮ್ನೆ ಮೆತ್ತಗಿನ ಪದ ಹಾಕುವಂತಿಲ್ಲ. ನಿಧಾನದ ಫ್ಲಿಕರ್ ಕೆಲವರಲ್ಲಿ ಫಿಟ್ಸ್ ತರಿಸಬಹುದು. 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿ ಕಾರ್ಟೂನೊಂದರಲ್ಲಿ ಕೆಂಪು, ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಬದಲಾಗಿ, 600ಕ್ಕೂ ಜಾಸ್ತಿ ಜನ ಆಸ್ಪತ್ರೆ ಸೇರಿದ್ದರು, ಹೆಚ್ಚಿನವರು ಮಕ್ಕಳು. ಎಚ್ಚರಿಕೆಯ ಸಾಲು ಓದಿದ ಕೂಡಲೇ ಅರ್ಥವಾಗಬೇಕು.

ಸದ್ಯಕ್ಕೆ ಕಾಣುವುದಕ್ಕೆ ‘ಮಿಣುಕು’, ಕಾಣದ್ದಕ್ಕೆ ‘ಹೊಳಪಿನ ಏರಿಳಿತ’ ಅಂತ ಇಟ್ಟಿದ್ದೇನೆ. ಹಾಳೆಯಲ್ಲಿ ಹೀಗೆ ಬರುತ್ತದೆ: ‘ಪರದೆಯ ಹೊಳಪು ಬಹಳ ಬೇಗ ಏರಿಳಿಯುತ್ತಿರುತ್ತದೆ, ಅದು ನಿಮಗೆ ಕಾಣದೇ ಇರಬಹುದು.’ ಎರಡು ಪದ ಇರಲೋ, ಒಂದೇ ಸಾಕೋ? ವೋಲ್ಟೇಜು ಕುಣಿದು ಬಲ್ಬಿನ ಬೆಳಕು ಬೇಗ ಬೇಗ ಹೆಚ್ಚುಕಡಿಮೆ ಆಗುವಾಗ ಕಲಬುರಗಿ, ಧಾರವಾಡ, ಮಂಗಳೂರು ಕಡೆ ಏನನ್ನುತ್ತೀರಿ? ಅಂಥದ್ದೊಂದು ಆಡುಮಾತು ಸಿಕ್ಕರೆ ‘ಮಿಣುಕು’ವನ್ನು ಬಿಡಲು ತಯಾರಿದ್ದೇನೆ.