ಅಪ್‌ಡೇಟ್: ಬಿಹಾರದ ಆಯುಷ್ಮಾನ್ ಕಾರ್ಡ್ ಇಲ್ಲಿ ನಡೀತು

ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುವ ಬಿಹಾರದ ಹುಡುಗ ಒಟ್ಟಿದ ನೆಲ್ಲಿನ ಚೀಲಗಳ ಮೇಲಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ, ಅವನ ಊರಿನ ಆಯುಷ್ಮಾನ್ ಕಾರ್ಡ್ (ಸರ್ಕಾರದ ಉಚಿತ ಚಿಕಿತ್ಸೆ ಕಾರ್ಡ್) ಇಲ್ಲಿ ನಡೆಯುತ್ತಾ ಅಂತ ಕೇಳಿದ್ದೆ. ನಡೀತು. ಆಪರೇಷನ್ ಆಗಿ ರಾಡ್ ಹಾಕಿದ್ದಾರೆ, ಒಂದು ರೂಪಾಯಿ ಕಟ್ಟಲಿಲ್ಲ.

ಮೊದಲು ಹೋದ ಖಾಸಗಿ ಆಸ್ಪತ್ರೆಯವರು ಕರ್ನಾಟಕದ ಕಾರ್ಡೇ ಬೇಕು ಅಂದಿದ್ದರು. ನೀವು ಹೇಳಿದಂತೆ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿದೆ. ಯೋಜನೆಗೆ ಸೇರಿದ ಆಸ್ಪತ್ರೆ ಬೇರೆ ರಾಜ್ಯದಲ್ಲಿದ್ದರೂ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಸೀದಾ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದೆವು.

ಅಲ್ಲೊಂದು ತೊಡಕು. ಚೀಲ ಎತ್ತಿ ಎತ್ತಿ ಸವೆದ ಬೆರಳು, ಮಷೀನು ಹೆಬ್ಬೆಟ್ಟನ್ನು ಗುರುತಿಸಲೇ ಇಲ್ಲ. ಒರೆಸಿ, ಎಣ್ಣೆ ಹಚ್ಚಿ ಒತ್ತಿಸಿದರೂ ಆಗಲಿಲ್ಲ. ಒಟಿಪಿ ತರಿಸೋಣ ಅಂದರೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಊರಲ್ಲಿ ಅವನ ತಾಯಿ ಹತ್ತಿರ. ಆಕೆ ಫೋನಲ್ಲಿ ಒಂದೊಂದೇ ಅಂಕಿ ಓದಿ ಹೇಳುವ ತನಕ ಆರೋಗ್ಯ ಮಿತ್ರ (ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವವರು) ಮೇಡಂ ಕಾದರು, ಅವರಿಗೆ ಪುಣ್ಯ ಬರಲಿ. ದುಡಿಯಲು ಬರುವವರಿಗೆ ಆ ಸಿಮ್ ಜೊತೆಗೇ ತರಲು ದಯವಿಟ್ಟು ಹೇಳಿ.

ಹೊರರೋಗಿ ಚಿಕಿತ್ಸೆ ಇದರಲ್ಲಿ ಬರಲ್ಲ, ತಪ್ಪಿದ ಕೂಲಿಯೂ ಬರಲ್ಲ. ಅದಕ್ಕೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರಬೇಕು. ಕೆಲಸದಲ್ಲಿ ಪೆಟ್ಟಾದರೆ ವೇತನದ ಶೇ 90ರಷ್ಟು ಕೊಡುತ್ತದೆ. ಮಿಲ್ಲಿನಲ್ಲಿ 10ಕ್ಕಿಂತ ಹೆಚ್ಚು ಜನ ಇದ್ದರೂ ಇವನ ಹೆಸರು ಹಚ್ಚಿಲ್ಲ, ಇದು ಅನ್ಯಾಯ. ಇಎಸ್‌ಐ ಕಚೇರಿಗೆ ಅರ್ಜಿ ಬರೆದಿಟ್ಟಿದ್ದೇವೆ, ಸೋಮವಾರ ಕೊಡುತ್ತೇವೆ.