ವಿಮಾನದ ಬಾಗಿಲು ಹಾಕಿದ ಕೂಡಲೇ ಉಸಿರು ಕಟ್ಟಿದಂತಾಗುತ್ತೆ, ಏನು ಮಾಡೋದು?

ಪ್ರಶ್ನೆ – ಮೋಡದಾಚೆ
ವಿಮಾನ ಬೀಳುತ್ತೆ ಅನ್ನೋ ಭಯ ಅಲ್ಲ. ಬಾಗಿಲು ಹಾಕಿದ ಮೇಲೆ ಇಳಿಯೋಕಾಗಲ್ಲವಲ್ಲ ಅನ್ನೋದೇ ಭಯ. ಎದೆ ಡವಡವ, ಬೆರಳ ತುದಿ ಜುಮುಜುಮು, ಗಾಳಿಯೇ ಸಾಲುತ್ತಿಲ್ಲ ಅನ್ನಿಸುತ್ತೆ. ಆರು ವಾರದಲ್ಲಿ ನಾಲ್ಕು ಗಂಟೆಯ ಪ್ರಯಾಣ ಇದೆ. ಹೃದಯದ ತಪಾಸಣೆ ಆಗಿದೆ, ತೊಂದರೆ ಏನೂ ಇಲ್ಲ. ಆ ಹೊತ್ತಿಗೆ ಏನು ಮಾಡಬೇಕು? ಮಾತ್ರೆ ತಗೊಳ್ಳಬಹುದಾ? "ಧೈರ್ಯವಾಗಿರಿ" ಅನ್ನೋ ಉತ್ತರ ಮಾತ್ರ ಬೇಡ.

ಉತ್ತರ – ರೆಕ್ಕೆಪಕ್ಕ
ಮೊದಲು ಗಾಳಿಯ ವಿಚಾರ. ಹಾರುವಾಗ ಕ್ಯಾಬಿನ್ನಿನ ಗಾಳಿ ಎರಡು-ಮೂರು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಸುಮಾರು ಅರ್ಧ ಹೊರಗಿನ ಹೊಸ ಗಾಳಿ, ಉಳಿದದ್ದು ಹೆಪಾ ಫಿಲ್ಟರಿನಲ್ಲಿ (ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಸೋಸುಕ) ಸೋಸಿ ಬಂದದ್ದು. ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು. ಆರೋಗ್ಯವಂತರಿಗೆ ಅದು ಸಾಕು. ಸ್ಮಾರ್ಟ್‌ವಾಚ್ ಆಕ್ಸಿಜನ್ ಅಂಕಿಯನ್ನು ಸ್ವಲ್ಪ ಕಡಿಮೆ ತೋರಿಸುವುದು ಸಹಜ. ಅದನ್ನೇ ನೋಡ್ತಾ ಕೂತರೆ ಬೆಂಕಿಗೆ ತುಪ್ಪ ಸುರಿದ ಹಾಗೆ, ವಾಚನ್ನು ಬಿಚ್ಚಿ ಚೀಲಕ್ಕೆ ಹಾಕಿ.

ಎಡವಟ್ಟಾಗುವುದು ನೆಲದ ಮೇಲೆ. ಬಹುಪಾಲು ವಿಮಾನಗಳಲ್ಲಿ ಎಂಜಿನ್ ಚಾಲೂ ಮಾಡಲು ಬಾಲದಲ್ಲಿರುವ ಪುಟ್ಟ ಎಂಜಿನ್ನಿನ ಗಾಳಿಯನ್ನೇ ಬಳಸುತ್ತಾರೆ. ಹಾಗಾಗಿ ಒಂದೆರಡು ನಿಮಿಷ ತಲೆಯ ಮೇಲಿನ ಗಾಳಿಕಿಂಡಿ ಸಪ್ಪಗಾಗುತ್ತದೆ, ಸೆಕೆ ಏರುತ್ತದೆ. ಬಾಗಿಲು ಹಾಕಿದ್ದೂ ಆಗಷ್ಟೇ. ಎರಡನ್ನೂ ಮನಸ್ಸು ಗಂಟುಹಾಕಿ "ಗಾಳಿ ನಿಂತಿತು" ಅನ್ನುತ್ತದೆ. ಎಂಜಿನ್ ಚಾಲೂ ಆದ ಮೇಲೆ ಗಾಳಿ ತಾನಾಗಿ ವಾಪಸ್ ಬರುತ್ತದೆ. ಕೂತ ಕೂಡಲೇ ಕಿಂಡಿಯನ್ನು ಪೂರ್ತಿ ತಿರುಗಿಸಿ ಮುಖಕ್ಕೆ ಹಿಡಿಸಿಕೊಳ್ಳಿ. ಮೇಲೇರಿದ ಸ್ವಲ್ಪ ಹೊತ್ತಿಗೇ ಎಂಜಿನ್ ಸದ್ದು ತಗ್ಗಿ ಹೊಟ್ಟೆಯಲ್ಲಿ ಜಾರಿದಂತಾಗುವುದೂ ಮಾಮೂಲು: ಟೇಕಾಫಿಗೆ ಬೇಕಾದ ಶಕ್ತಿಯನ್ನು ಏರಿಕೆಗೆ ಬೇಕಾದಷ್ಟಕ್ಕೆ ಇಳಿಸಿರುತ್ತಾರೆ.

"ತಡೆಯಲಾರದೆ ನಾನೇ ಬಾಗಿಲು ತೆಗೆದುಬಿಟ್ಟರೆ?" ಅನ್ನೋ ಯೋಚನೆ ಬಹಳ ಜನಕ್ಕೆ ಬರುತ್ತದೆ, ಹೇಳಿಕೊಳ್ಳೋದಿಲ್ಲ ಅಷ್ಟೇ. ಎತ್ತರದಲ್ಲಿ ಒಳಗಿನ ಒತ್ತಡ ಬಾಗಿಲನ್ನು ಹಲವು ಟನ್ ಬಲದಿಂದ ಒತ್ತಿ ಹಿಡಿದಿರುತ್ತದೆ. ಕೈಯಿಂದ ಆಗುವ ಕೆಲಸವಲ್ಲ.

ಉತ್ತರ – ನಿಧಾನಗತಿ
ಜುಮುಜುಮು, ತಲೆ ತೇಲಿದಂತಾಗುವುದು, ಎದೆ ಬಿಗಿತ, ಇವು ಆಕ್ಸಿಜನ್ ಕೊರತೆಯಿಂದಲ್ಲ, ಅತಿಯಾಗಿ ಉಸಿರಾಡಿ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದದ್ದರಿಂದ. ಹಾಗಾಗಿ "ಆಳವಾಗಿ ಉಸಿರೆಳೆದುಕೊಳ್ಳಿ" ಅನ್ನೋ ಸಲಹೆ ಇಲ್ಲಿ ತಿರುಗುಬಾಣ. ಎಳೆಯುವುದನ್ನು ಕಡಿಮೆ ಮಾಡಿ, ಬಿಡುವುದನ್ನು ಉದ್ದ ಮಾಡಿ: ಮೂಗಿನಿಂದ 4 ಎಣಿಸುವಷ್ಟು ಒಳಗೆ, ತುಟಿ ಕಿರಿದು ಮಾಡಿ 6 ಎಣಿಸುವಷ್ಟು ಹೊರಗೆ. ಎದೆಯಲ್ಲ, ಹೊಟ್ಟೆ ಉಬ್ಬಬೇಕು. ಐದು ನಿಮಿಷ ಬಿಡದೆ ಮಾಡಿ. ಒಂದು ನಿಮಿಷಕ್ಕೇ "ಕೆಲಸ ಮಾಡ್ತಿಲ್ಲ" ಅಂತ ಬಿಡುವವರೇ ಹೆಚ್ಚು. ಕಾಗದದ ಚೀಲದೊಳಗೆ ಉಸಿರಾಡುವುದು ಬೇಡ, ಮೊದಲೇ ಆಕ್ಸಿಜನ್ ಸ್ವಲ್ಪ ಕಡಿಮೆ ಇರುವ ಕಡೆ ಅದು ಅಪಾಯ.

ಹೀಗೆ ದಿಢೀರನೆ ಏರುವ ಗಾಬರಿ, ಅಂದರೆ ಪ್ಯಾನಿಕ್, ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. "ಬರಬಾರದು, ಬರಬಾರದು" ಅಂತ ಹಲ್ಲು ಕಚ್ಚಿ ತಡೆದರೆ ಆ ಹತ್ತು ನಿಮಿಷ ಹಿಗ್ಗುತ್ತದೆ. ಬರಲಿ ಬಿಡಿ. ಗಡಿಯಾರ ನೋಡಿ ಶುರುವಾದ ಸಮಯ ಚೀಟಿಯಲ್ಲಿ ಬರೆದು, ಎರಡು ನಿಮಿಷಕ್ಕೊಮ್ಮೆ ತೀವ್ರತೆಗೆ 0ಯಿಂದ 10ರೊಳಗೆ ಅಂಕ ಕೊಡಿ. ಅಂಕ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಕುರ್ಚಿಯ ಕೈ ಬಿಗಿ ಹಿಡಿಯಬೇಡಿ, ಭುಜ ಸಡಿಲ ಬಿಡಿ. ಟಾಯ್ಲೆಟ್ಟಿಗೆ ಓಡಬೇಡಿ, ಅದು ಸೀಟಿಗಿಂತ ಇಕ್ಕಟ್ಟು!

ಉತ್ತರ – ಮೆಟ್ಟಿಲುಮೆಟ್ಟಿಲು
ಆರು ವಾರ ಇದೆ ಅಂದಿರಿ, ಅದು ಒಳ್ಳೆಯ ಸಮಯ. ನಿಜವಾದ ಕೆಲಸ ಆಗುವುದು ಮನೆಯಲ್ಲಿ. ಮೂಗು ಮುಚ್ಚಿ ತೆಳು ಸ್ಟ್ರಾದಿಂದ ಒಂದು ನಿಮಿಷ ಉಸಿರಾಡಿ, ಗಾಳಿ ಸಾಲದ ಆ ಅನುಭವವನ್ನೇ ಬೇಕೆಂದು ತಂದುಕೊಳ್ಳಿ (ಆಸ್ತಮಾ, ಮೂರ್ಛೆರೋಗ ಇದ್ದರೆ ಅಥವಾ ಬಸುರಿಯಾಗಿದ್ದರೆ ವೈದ್ಯರನ್ನು ಕೇಳದೆ ಬೇಡ). ಆಮೇಲೆ ಚಿಕ್ಕ ಕೋಣೆ, ಬಾಗಿಲು ಹಾಕಿ 5 ನಿಮಿಷ, 10, 20. ಲಿಫ್ಟ್. ತುಂಬಿದ ಬಸ್ಸಿನ ಕಿಟಕಿ ಪಕ್ಕದ ಸೀಟು. ವಾರಕ್ಕೆ ನಾಲ್ಕೈದು ದಿನ. ನಿಯಮ ಒಂದೇ: ಭಯದ ಅಂಕ ಅರ್ಧಕ್ಕಿಳಿಯುವ ತನಕ ಹೊರಬರಬಾರದು. ತುದಿಯಲ್ಲಿದ್ದಾಗ ಎದ್ದು ಬಂದರೆ "ಓಡಿಬಂದದ್ದಕ್ಕೇ ಬದುಕಿದೆ" ಅಂತ ಮಿದುಳು ಕಲಿಯುತ್ತದೆ, ಮುಂದಿನ ಸಲ ಇನ್ನೂ ಕಷ್ಟ.

ಮಾತ್ರೆಯ ತೊಡಕೂ ಇದೇ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಮಾನಭಯ ಇದ್ದವರಿಗೆ ಆತಂಕ ತಗ್ಗಿಸುವ ಮಾತ್ರೆ ಆಲ್‌ಪ್ರಜೊಲಾಮ್ ಕೊಟ್ಟು ಹಾರಿಸಿದರು, ಭಯ ತಗ್ಗಿತು. ವಾರದ ನಂತರ ಮಾತ್ರೆ ಇಲ್ಲದೆ ಹಾರಿದಾಗ ಅವರಲ್ಲಿ ಪ್ಯಾನಿಕ್ ಬಂದವರು ಹೆಚ್ಚಾದರು. ಆದರೂ ವೈದ್ಯರು ಬರೆದುಕೊಟ್ಟರೆ, ಅವರನ್ನು ಕೇಳಿ ಮೊದಲ ಸಲ ಮನೆಯಲ್ಲೇ ತಗೊಂಡು ನೋಡಿ. ಕೆಲವರಿಗೆ ಅದು ತಿರುಗಾಮುರುಗಾ ಕೆಲಸ ಮಾಡಿ ಚಡಪಡಿಕೆ ತರುತ್ತದೆ. ಮದ್ಯದ ಜೊತೆ ಖಂಡಿತ ಬೇಡ, ಉಸಿರಾಟವೇ ತಗ್ಗಬಹುದು. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಆಸ್ತಮಾ ಇರುವವರಿಗೆ ಆಗದು.

ಮೋಡದಾಚೆ
ಸೀಟು ಕೇಳೋದೇ ಮರೆತೆ. ಸಿಬ್ಬಂದಿಗೆ ಮೊದಲೇ ಹೇಳಬೇಕಾ?

ರೆಕ್ಕೆಪಕ್ಕ
ಮುಂದಿನ ಸಾಲುಗಳಲ್ಲಿ, ಓಡಾಡುವ ದಾರಿಯ ಪಕ್ಕದ್ದು. ಇಳಿಯುವಾಗಿನ ಕಾಯುವಿಕೆ ಕಡಿಮೆ, ಆ ಕಾಯುವಿಕೆಯೇ ನಿಮ್ಮಂಥವರಿಗೆ ಎರಡನೇ ಗಂಡಾಂತರ. ಅಲುಗಾಟವೂ ಕಾಡುವುದಾದರೆ ರೆಕ್ಕೆಯ ಹತ್ತಿರ. ಕೊನೇ ಸಾಲು ಬೇಡ: ಅಲುಗಾಟ ಜಾಸ್ತಿ, ಎಷ್ಟೋ ಕಡೆ ಸೀಟು ಹಿಂದಕ್ಕೂ ಬಾಗದು. ಮುಂದಿನ ಸೀಟಿನಡಿ ಹಿಡಿಯುವ ಚೀಲ ಮಾತ್ರ ಇದ್ದರೆ ಕೊನೆಗೆ ಹತ್ತಿ, ಒಳಗೆ ಸುಮ್ಮನೆ ಕೂರುವ ಹೊತ್ತು ಉಳಿಯುತ್ತದೆ.

ಸಿಬ್ಬಂದಿಗೆ ಬಾಗಿಲಲ್ಲೇ ಒಂದು ಮಾತು ಸಾಕು: "ಇಕ್ಕಟ್ಟಾದರೆ ನನಗೆ ಗಾಬರಿಯಾಗುತ್ತೆ, ನಡುವೆ ಒಮ್ಮೆ ಬಂದು ನೋಡ್ತೀರಾ?" ಇಳಿಯಲೇಬೇಕು ಅನ್ನಿಸಿದರೆ ಬಾಗಿಲು ಹಾಕುವ ಮೊದಲೇ ಹೇಳಿ. ವಿಮಾನ ಹಿಂದಕ್ಕೆ ಸರಿದ ಮೇಲೆ ಇಳಿಸಬೇಕೆಂದರೆ ನಿಲುಗಡೆಗೇ ವಾಪಸ್ ತರಬೇಕಾಗುತ್ತದೆ. ಕಾಫಿ, ಟೀ ಹಿಂದಿನ ಎಂಟು ಗಂಟೆ ಬಿಡಿ.